ಕಾಲು ಒರೆಸದೆ ಬಂದವರು

ನಮ್ಮ ಹಬ್ಬುವಾಡದ ಮನೆಗೆ ಬಂದವರು ಯಾರೇ ಆಗಲಿ, ಐದು ನಿಮಿಷದೊಳಗೆ ಎರಡು ಸಂಗತಿ ಗಮನಿಸುತ್ತಾರೆ. ಒಂದು, ಈ ಮನೆಯಲ್ಲಿ ಧೂಳು ಎಂಬ ಪದಾರ್ಥಕ್ಕೆ ನೆಲೆಯಿಲ್ಲ. ಎರಡು, ಪಡಸಾಲೆಯ ಪಡುವಣ ಕಿಟಕಿಯ ಹಲಗೆಯ ಮೇಲೆ ಮಾತ್ರ ಬೆರಳಿನಿಂದ ಹೆಸರು ಬರೆಯಬಹುದಾದಷ್ಟು ಹಳದಿ ಪುಡಿ ಬಿದ್ದಿರುತ್ತದೆ. ಕಿಟಕಿಯ ಆಚೆ ತೆಂಗಿನ ಮರ. ಹೊಂಬಾಳೆ ಒಡೆದು ಸಮುದ್ರದ ಗಾಳಿ ಎದ್ದಿತೆಂದರೆ ಹೂವಿನ ಪುಡಿ ಅನುಮತಿ ಕೇಳದೆ ಒಳಗೆ ಬರುತ್ತದೆ. ಕುರ್ಚಿಯ ಕಾಲಿನ ಅಡಿಯನ್ನೂ ಒರೆಸುವ ಈ ಮುದುಕ ಅದೊಂದನ್ನು ಏಕೆ ಬಿಟ್ಟ ಎಂದು ಬಂದವರಿಗೆ ಆಶ್ಚರ್ಯ. ಕೆಲವರು ನನಗೆ ಕಣ್ಣು ಮಂದವಾಗಿರಬೇಕೆಂದು ಮರುಗುತ್ತಾರೆ. ಸೋದರಳಿಯನೊಬ್ಬ ಉಪಕಾರ ಮಾಡಲು ಹೋಗಿ ಕರವಸ್ತ್ರದಿಂದ ಒರೆಸಿಯೇಬಿಟ್ಟ. ಆ ದಿನ ಅವನಿಗೆ ಚಹಾ ಬಹಳ ತಡವಾಗಿ ಸಿಕ್ಕಿತು.

ಸ್ವಚ್ಛತೆ ನನ್ನ ದುರ್ಗುಣ. ಬೇರೆಯವರಿಗೆ ನಶ್ಯ, ಇಸ್ಪೀಟು, ನಾಟಕ ಎಂದು ಮರ್ಯಾದಸ್ಥ ಚಟಗಳಿರುತ್ತವೆ. ನನಗೆ ಒರೆಸುವ ಚಟ. ಕಾರವಾರದ ಕಚೇರಿಯಲ್ಲಿ ಕಾರಕೂನನಾಗಿದ್ದಾಗ ಮೇಜು, ಮಸಿಕುಡಿಕೆ, ಎದುರು ನಿಂತ ಅರ್ಜಿದಾರನ ಟೊಪ್ಪಿಗೆಯ ಅಂಚು, ಯಾವುದನ್ನೂ ಬಿಡುತ್ತಿರಲಿಲ್ಲ. ಮದುವೆಯ ದಿನ ಹೋಮದ ಬೂದಿ ಆಚೀಚೆ ಹಾರಿದ್ದನ್ನು ಪಂಚೆಯ ತುದಿಯಿಂದ ಒಟ್ಟುಮಾಡುತ್ತಿದ್ದೆನಂತೆ. ಇದು ನನ್ನ ಹೆಂಡತಿ ಸುಭದ್ರೆಯ ಸಾಕ್ಷ್ಯ. ತಾಳಿಯನ್ನೂ ಒರೆಸಿ ನೋಡಿ ಕಟ್ಟಿದೆ ಎಂಬುದು ಮಾತ್ರ ಅವಳು ಆಮೇಲೆ ಸೇರಿಸಿದ್ದು.

ಈ ಚಟಕ್ಕೆ ಮೊದಲ ದಂಡ ತೆತ್ತದ್ದು ಅಂಕೋಲೆಯ ಶಾಲೆಯಲ್ಲಿ. ನನ್ನ ಜೊತೆ ಕೇಣಿಯ ಬೊಮ್ಮಯ್ಯ ಓದುತ್ತಿದ್ದ. ಓದುತ್ತಿದ್ದ ಎಂಬುದು ಮರ್ಯಾದೆಯ ಮಾತು. ಕೇಣಿಯಿಂದ ನಡೆದು ಬಂದು ಕೂತು ಹೋಗುತ್ತಿದ್ದ. ಕಡಲ ಬದಿಯ ಬೇಲಿಯಲ್ಲಿ ಕೇದಿಗೆ ಬಿಟ್ಟಾಗ ಅವನು ಹೂವನ್ನು ಅಂಗಿಯೊಳಗೆ ಮುಚ್ಚಿಟ್ಟುಕೊಂಡು ಬರುವನು. ಒಂದು ದಿನ ಅದರ ಪುಡಿಯನ್ನೆಲ್ಲ ಮಾಸ್ತರರ ಕುರ್ಚಿಯ ಬೆನ್ನಿಗೆ ಕೊಡವಿಟ್ಟ. ಮಾಸ್ತರರು ಕೂತು ಎದ್ದಾಗ ಅವರ ಕರಿಯ ಕೋಟಿನ ಬೆನ್ನು ಪೂರ್ತಿ ಹಳದಿ, ಮೇಲಿಂದ ಮದುವೆಮನೆಯ ಪರಿಮಳ. ಇಡೀ ತರಗತಿ ಉಸಿರು ಬಿಗಿಹಿಡಿದು ಸುಖಪಡುತ್ತಿತ್ತು. ನನ್ನಿಂದ ತಡೆಯಲಾಗಲಿಲ್ಲ. ಎದ್ದು ಹೋಗಿ ಅವರ ಬೆನ್ನು ಒರೆಸತೊಡಗಿದೆ. ಅವರು ತಿರುಗಿದರು, ನನ್ನ ಅಂಗೈ ನೋಡಿದರು, ಬೆತ್ತ ತೆಗೆದುಕೊಂಡರು. ಎರಡನೆಯ ಏಟು ಬಿದ್ದಾಗ ಹಿಂದಿನ ಬೆಂಚಿನಿಂದ ಬೊಮ್ಮಯ್ಯ ಎದ್ದು ನಿಂತ.

"ನಾ ಹಾಕ್ದದ್ದು ಮಾಸ್ತರ್ರೇ. ಅಂವ ಬರೇ ವರಸ್ದಂವ."

ಉಳಿದ ಏಟುಗಳು ಅವನಿಗೆ ಹೋದವು. ನನ್ನ ಜೀವನಚರಿತ್ರೆ ಬರೆಯುವ ಪ್ರಸಂಗ ಯಾರಿಗಾದರೂ ಬಂದರೆ ಅವರು ಇದಕ್ಕಿಂತ ಹೆಚ್ಚಿನ ಮಾತು ಹುಡುಕಬೇಕಾಗಿಲ್ಲ.

ಆಮೇಲೆ ನಾನು ಕಾರವಾರಕ್ಕೆ ಬಂದು ಸರಕಾರದ ಮನುಷ್ಯನಾದೆ. ಬೊಮ್ಮಯ್ಯ ಕೇಣಿಯಲ್ಲಿ ಗದ್ದೆ ಮಾಡಿಕೊಂಡು ಬೊಮ್ಮಯ್ಯನಾಗಿಯೇ ಉಳಿದ. ಮೂವತ್ತನೆಯ ಇಸವಿಯ ಬೇಸಿಗೆಯಲ್ಲಿ ಅಂಕೋಲೆಯ ಕಡಲದಂಡೆಯಲ್ಲಿ ಜನ ಉಪ್ಪು ಎತ್ತಲು ಸುರುಮಾಡಿದರು. ಆ ಸುದ್ದಿ ನಮ್ಮ ಕಚೇರಿಗೂ ಬಂತು. ನಾವು ಕಾಗದದ ಮೇಲೆ ತಲೆ ಬಗ್ಗಿಸಿ ಅದನ್ನು ಕೇಳದವರಂತೆ ಕೇಳಿದೆವು. ಆ ವಾರದಲ್ಲೇ ಒಂದು ಸಂಜೆ ಬೊಮ್ಮಯ್ಯ ನಮ್ಮ ಬಾಗಿಲಿಗೆ ಬಂದ. ತಲೆಯ ಮೇಲೆ ಗೋಣಿ ಹೊದಿಸಿದ ಪೆಟ್ಟಿಗೆ. ಅದನ್ನು ಅಂಕೋಲೆಯಿಂದ ಮೋಟಾರಿನ ಮಾಡಿನ ಮೇಲೆ, ಕಾಯಿಮೂಟೆಗಳ ನಡುವೆ, ತಾನೂ ಪಕ್ಕದಲ್ಲಿ ಕೂತು ತಂದಿದ್ದ.

"ಇವ್ರನ್ನ ನಿನ್ನ ಮನಿಲಿ ಇಟ್ಕ" ಎಂದ.

"ಇವರು ಅಂದರೆ ಯಾರು?"

"ನಮ್ಮನಿ ಮಂದಿ" ಎಂದು ಗೋಣಿ ಸರಿಸಿದ. ಸೀಮೆಎಣ್ಣೆಯ ಡಬ್ಬಿಗಳು ಬರುತ್ತಿದ್ದ ಹಳೆಯ ಮರದ ಪೆಟ್ಟಿಗೆ. ಮೇಲೆ ಸಾಲಾಗಿ ಮರದ ಪಟ್ಟಿ ಜೋಡಿಸಿ ಮುಚ್ಚಿದ್ದ. ಒಳಗೆ, ಒಂದು ಇಡೀ ಶಾಲೆ ದೂರದಲ್ಲಿ ಮಗ್ಗಿ ಹೇಳಿದ ಹಾಗೆ, ಜೇನುಹುಳಗಳ ಸದ್ದು.

ಅವನು ಅವನ್ನು ಹಿಡಿದು ತಂದದ್ದಲ್ಲ. ಖಾಲಿ ಪೆಟ್ಟಿಗೆಗೆ ಮೇಣ ಸವರಿ ಮರದ ಕೆಳಗಿಟ್ಟು ಮೂರು ವರ್ಷ ಕಾದಿದ್ದ. ನಾಲ್ಕನೆಯ ವರ್ಷ ಅವು ತಾವಾಗಿ ಬಂದು ಕೂತವು. ಹಿಡಿದು ತಂದ ಹುಳ ಅತಿಥಿ, ತಾನಾಗಿ ಬಂದದ್ದು ಮನೆಯ ಮಂದಿ ಎಂಬುದು ಅವನ ಶಾಸ್ತ್ರ.

"ನಮ್ಮ ಬದಿಗೆ ಪೊಲೀಸ್ರು ಉಪ್ಪು ಹುಡ್ಕೂಕೆ ಅಂತೇಳಿ ಮಡಕೆ, ಡಬ್ಬಿ, ಪೆಟ್ಟಿಗೆ, ಕಂಡದ್ದೆಲ್ಲಾ ಒಡೀತೇ ಬತ್ತಿದ್ರು. ನನ್ನೂ ನಾಡಿದ್ರಲ್ಲಿ ಹಿಡೂದು ಖರೆ. ಸರಕಾರಿ ಮನ್ಶನ ಮನಿ ಯಾರೂ ಒಡೂದಿಲ್ಲ, ಅಲ್ವ?"

"ನಾನೇನು ಮಾಡಬೇಕು?"

"ಯೆಂತದೂ ಮಾಡೂದು ಬೇಡ. ಅದೇ ನಿನ್ನ ಕೆಲ್ಸ. ಮಳಿ ಹಿಡೂದ್ರೊಳಗೆ ಅವ್ಕೆ ಬೇಕಾದ್ದು ಅವೇ ತಂದಿಟ್ಕಣ್ತವೆ. ಮಳೆಗಾಲ ಪೂರಾ ಹೂವಿಲ್ಲ, ಒಳಗಿದ್ದದ್ದೇ ಊಟ. ಅದೊಂದು ಮುಟ್ಬೇಡ ಮಾರಾಯ."

"ಜೇನುತುಪ್ಪ ಒಂದು ಹನಿ ಮುಟ್ಟಿದರೆ ನನ್ನ ಹೆಸರು ಹಿಡಿದು ಕರೆಯಬೇಡ" ಎಂದೆ, ಎದೆಯ ಮೇಲೆ ಕೈಯಿಟ್ಟು.

ನಾಲ್ಕನೆಯ ದಿನ ಅವನನ್ನು ಹಿಡಿದರೆಂದು ತಿಳಿಯಿತು. ಸುದ್ದಿ ಕೇಳಿದ ನಾನು ಕಚೇರಿಯಲ್ಲಿ ಒಂದು ಲೇಖನಿಯನ್ನು ಬಹಳ ಹೊತ್ತು ಒರೆಸಿದೆ.

ಏನೂ ಮಾಡದಿರುವುದು ನನಗೆ ಕಷ್ಟವಾಗಬಾರದಿತ್ತು. ಸರಕಾರವೇ ತರಬೇತಿ ಕೊಟ್ಟ ವಿಷಯ. ಸಂಜೆ ಬಂದು ಜಗಲಿಯಲ್ಲಿ ಪೆಟ್ಟಿಗೆಯ ಎದುರು ಕೂರುವೆ. ಹುಳಗಳು ತೆಂಗಿನ ಹೊಂಬಾಳೆಯ ಕಡೆಗೆ ಹೋಗುತ್ತಿದ್ದವು, ಬರುತ್ತಿದ್ದವು. ಶಿಸ್ತು, ದುಡಿಮೆ, ಮಿತಭಾಷೆ, ಎಲ್ಲ ಮೆಚ್ಚುವಂಥದ್ದೇ. ಒಂದೇ ಕೊರತೆ. ಪ್ರತಿಯೊಂದೂ ಹಿಂಗಾಲುಗಳಿಗೆ ಏನೋ ಮೆತ್ತಿಸಿಕೊಂಡು ಬರುತ್ತಿತ್ತು. ಬೆಳಿಗ್ಗೆ ತಿಳಿಹಳದಿ, ಬಿಸಿಲೇರಿದ ಮೇಲೆ ಕಿತ್ತಳೆ, ಕೆಲವು ಸಲ ಬೂದಿಯ ಬಣ್ಣ. ಬಂದದ್ದೇ ಬಾಗಿಲಲ್ಲಿ ನಿಲ್ಲದೆ, ಕಾಲು ಒರೆಸದೆ, ನೇರ ಒಳಮನೆಗೆ.

ನಾನು ಪೆಟ್ಟಿಗೆಯ ಬಾಯಿಗೆ ಒದ್ದೆ ಬಟ್ಟೆಯ ಒಂದು ಪಟ್ಟಿ ಹಾಸಿದೆ.

ಸುಭದ್ರೆ ಅಡಿಗೆಮನೆಯಿಂದ ಬಂದು ನೋಡಿದಳು. ಅವಳ ತವರಿನ ಮಾತು ಕೊಂಕಣಿ. ಬಹಳ ಆಶ್ಚರ್ಯವಾದಾಗ ಅದೇ ಬರುತ್ತಿತ್ತು. "ಹೆಂ ಕಿತೆಂ? ಏನಿದು?"

"ಕಾಲೊರಸು."

ಅವಳು ಸೆರಗು ಬಾಯಿಗೆ ಹಿಡಿದು ಒಳಗೆ ಹೋದಳು. ಒಳಗಿನಿಂದ ಬಹಳ ಹೊತ್ತು ಪಾತ್ರೆಯ ಸದ್ದು ಕೇಳಲಿಲ್ಲ. ಹುಳಗಳು ಪಟ್ಟಿಯ ಮೇಲೆ ನಡೆದವು, ಒರೆಸಿಕೊಳ್ಳಲಿಲ್ಲ.

ಮೇ ತಿಂಗಳ ಕೊನೆ ಬಂತು. ನಮ್ಮ ಕಡೆ ಆಗ ಇಡೀ ಊರೇ ಮಳೆಗಾಲಕ್ಕೆ ತಯಾರಾಗುತ್ತದೆ: ಹಂಚು ತಿರುವಿ, ಅಟ್ಟ ಗುಡಿಸಿ, ಜಗಲಿಗೆ ತೆಂಗಿನಗರಿಯ ತಟ್ಟಿ ಕಟ್ಟಿ. ನಾನು ಇಡೀ ಮನೆ ಮುಗಿಸಿದೆ. ಮುಗಿದ ಮೇಲೆ ಕೈ ಸುಮ್ಮನಿರಲಿಲ್ಲ. ನಾಲ್ಕು ತಿಂಗಳು ಬಾಗಿಲು ಹಾಕಿಕೊಂಡು ಕೂರುವ ಸಂಸಾರ, ಒಳಗೆ ಹೇಗಿದೆಯೋ ಏನೋ ಎನಿಸಿತು. ಕಚೇರಿಯ ಕೋಟು ತಿರುವಿ ಹಾಕಿಕೊಂಡೆ. ತಲೆಯ ಮೇಲೆ ಸುಭದ್ರೆಯ ಹಳೆಯ ಸೀರೆ. ಒಂದು ಕೈಯಲ್ಲಿ ತೆಂಗಿನ ಕತ್ತದ ಹೊಗೆ, ಇನ್ನೊಂದರಲ್ಲಿ ಕೋಳಿಯ ಗರಿ. ಈ ವೇಷದಲ್ಲಿ ಮೊದಲ ಪಟ್ಟಿಯನ್ನು ಮೇಲಕ್ಕೆತ್ತಿದೆ. ಅದಕ್ಕೆ ಅಂಗೈ ಅಗಲದ ಎರಿ, ಹುಳಗಳು ಕಟ್ಟಿದ ಮೇಣದ ಹುಟ್ಟು, ತೂಗುತ್ತಿತ್ತು.

ಮೇಲ್ಭಾಗದಲ್ಲಿ ಜೇನುತುಪ್ಪ, ಬಿಳಿಯ ಮೇಣದ ಮುಚ್ಚಳ ಹಾಕಿ ಭದ್ರವಾಗಿ. ಕೆಳಗೆ ಮರಿಗಳ ಕೋಣೆಗಳು. ನಡುವೆ, ಒಂದು ಪಟ್ಟೆಯ ಉದ್ದಕ್ಕೂ, ಕೋಣೆಕೋಣೆಯಲ್ಲಿ ಅದೇ ಕಾಲಿನ ಕೊಳೆ! ಹಳದಿ, ಕಿತ್ತಳೆ, ಕಂದು. ಗಿಡಿದು, ಒತ್ತಿ, ಮಟ್ಟಮಾಡಿ ತುಂಬಿಟ್ಟಿದ್ದವು. ಮೂಸಿದೆ. ಹುಳಿ ಬಂದಿತ್ತು.

"ನೋಡು, ಕೊಳೆತು ಹೋಗಿದೆ. ವರ್ಷಗಟ್ಟಲೆ ಗುಡಿಸಿಲ್ಲ" ಎಂದೆ.

ಸುಭದ್ರೆ ದೂರದಲ್ಲಿ ಕಂಬದ ಹಿಂದೆ ನಿಂತಿದ್ದಳು. "ಅಷ್ಟು ದೂರದಿಂದ ಹೊತ್ಕೊಂಡು ಬಂದು ತುಂಬಿಟ್ಟಿದ್ದಾವೆ. ತಂದವರಿಗೆ ಗೊತ್ತಿರೂದಿಲ್ವ ಎಂತಕ್ಕೆ ಅಂತ?"

"ನಮ್ಮ ಕಾಲಲ್ಲೂ ಕೆಸರು ಬರುತ್ತದೆ. ಅದನ್ನು ನಾವು ಊಟ ಮಾಡುತ್ತೇವೇನು?"

ಈ ವಾದದ ತರ್ಕಶುದ್ಧಿಗೆ ನಾನೇ ಮೆಚ್ಚಿದೆ. ಅವಳ ಕೂದಲಿನ ಪಿನ್ನು ಇಸಿದುಕೊಂಡು ಒಂದೊಂದು ಕೋಣೆಯನ್ನೂ ಕೆದಕಿ ಚೊಕ್ಕಟ ಮಾಡಿದೆ. ಹುಳಗಳು ಹನ್ನೊಂದು ಕಡೆ ಕಚ್ಚಿದವು. ಹಿತವನ್ನು ಮೊದಲು ಯಾರೂ ಗುರುತಿಸುವುದಿಲ್ಲವೆಂದು ಸಹಿಸಿದೆ. ಮೂರು ಪಟ್ಟಿಗಳ ಕೊಳೆ ಒಂದು ತೆಂಗಿನ ಕರಟ ತುಂಬ ಆಯಿತು. ತೆಗೆದುಕೊಂಡು ಹೋಗಿ ತಿಪ್ಪೆಗೆ ಸುರುವಿದೆ. ಜೇನುತುಪ್ಪ ಮಾತ್ರ ಒಂದು ಹನಿ ಮುಟ್ಟಲಿಲ್ಲ. ಬೆರಳಿಗೆ ತಾಗಿದ್ದನ್ನು ಸಹ ನೆಕ್ಕದೆ ತೊಳೆದುಕೊಂಡೆ. ಅಂದು ನನ್ನ ಪ್ರಾಮಾಣಿಕತೆಯನ್ನು ನೋಡಲು ಬೊಮ್ಮಯ್ಯ ಇಲ್ಲದ್ದೊಂದೇ ಕೊರಗು.

ಮಳೆ ಹಿಡಿಯಿತು. ಕಾರವಾರದ ಮಳೆಯನ್ನು ವರ್ಣಿಸುವ ಅಗತ್ಯವಿಲ್ಲ, ಅದಕ್ಕೆ ತನ್ನ ಗುರುತು ಹೇಳಿಕೊಳ್ಳುವ ಗಂಟಲಿದೆ. ಜೂನ್ ಮುಗಿಯುವಾಗ ಪೆಟ್ಟಿಗೆಯ ಬಾಯಲ್ಲಿ ಬಿಳಿಯ ಏನೋ ಬಿದ್ದಿರುವುದು ಕಂಡಿತು. ಮರಿಗಳು. ಹುಳಗಳು ತಮ್ಮ ಮರಿಗಳನ್ನು ತಾವೇ ಒಂದೊಂದಾಗಿ ಎಳೆದು ತಂದು ಹೊರಗೆ ಹಾಕುತ್ತಿದ್ದವು. ಒಣಗಿದ, ಅರ್ಧ ಬೆಳೆದ ಮರಿಗಳು. ದಿನ ಬೆಳಗಾದರೆ ಏಳೆಂಟು. ನಾನು ಅವನ್ನೂ ಗುಡಿಸಿದೆ.

ಜೇನುತುಪ್ಪ ಇದೆಯಲ್ಲ, ಮತ್ತೇನಾಯಿತು ಎಂದು ಪಟ್ಟಿ ಎತ್ತಿ ನೋಡಿದೆ. ತುಪ್ಪ ಇತ್ತು. ಮಗ್ಗಿಯ ಸದ್ದು ಮಾತ್ರ ಶಾಲೆಗೆ ರಜೆ ಬಂದ ಹಾಗೆ ಕ್ಷೀಣವಾಗಿತ್ತು. ಸುಭದ್ರೆ ಏನಾದರೂ ಹೇಳಿದ್ದರೆ ಎದುರು ಹೇಳುವುದಕ್ಕೆ ನನ್ನ ಬಳಿ ಎರಡು ಮೂರು ಮಾತು ತಯಾರಿದ್ದವು.

ಆಗಸ್ಟಿನಲ್ಲಿ ಎರಡು ದಿನ ಬಿಸಿಲು ಬಂತು. ಎರಡನೆಯ ದಿನ ಕಚೇರಿಯಿಂದ ಬಂದರೆ ಪೆಟ್ಟಿಗೆ ಖಾಲಿ. ಉಳಿದಷ್ಟು ಹುಳಗಳು ಇದ್ದ ತುಪ್ಪವನ್ನು ಕುಡಿದು, ಗುಂಪಾಗಿ ಎದ್ದು ಸದಾಶಿವಗಡದ ದಿಕ್ಕಿಗೆ ಹೋದವೆಂದು ಸುಭದ್ರೆ ಹೇಳಿದಳು.

ಬೊಮ್ಮಯ್ಯನಿಗೆ ತಿಳಿಸಬೇಕು. ಆದರೆ ಸರಕಾರದ ಕಾರಕೂನ ಉಪ್ಪಿನ ಕೈದಿಗೆ ಕಾಗದ ಬರೆಯುವುದೆಂದರೆ ಕೆಲಸಕ್ಕೆ ಎರವಾಗುವ ಮಾತು. ನನ್ನ ಗುರುತು ಹತ್ತದಂತೆ, ಜೇನಿನ ಹೆಸರೇ ಎತ್ತದಂತೆ, ಸಹಿ ಇಲ್ಲದ ಕಾರ್ಡೊಂದನ್ನು ಬಹಳ ಚಾತುರ್ಯದಿಂದ ಬರೆದೆ. ಹೇಳದೆ ಕೇಳದೆ ಊರು ಬಿಟ್ಟು ಓಡಿದವನಿಗೆ ನಮ್ಮ ಕಚೇರಿಯ ಮರಾಠಿ ಬೆರೆತ ಭಾಷೆಯಲ್ಲಿ 'ಪರಾಗಂದಾ' ಎಂಬ ಮಾತಿತ್ತು. ಅದು ದಿನಕ್ಕೆ ಹತ್ತು ಸಲ ನನ್ನ ಲೇಖನಿಯಿಂದ ಇಳಿಯುತ್ತಿತ್ತು, ಇಲ್ಲಿಯೂ ಇಳಿಯಿತು: "ತಾವು ನಮ್ಮಲ್ಲಿ ಇರಿಸಿದ್ದ ಮಂದಿ ಸಹಕುಟುಂಬ ಪರಾಗಂದಾ ಆಗಿದ್ದಾರೆ. ಪೆಟ್ಟಿಗೆ ನಮ್ಮ ತಾಬೆಯಲ್ಲಿದೆ. ತಿಳಿಯಬೇಕು."

ಅದರ ಫಲ ಗೊತ್ತಾದದ್ದು ದೀಪಾವಳಿ ಕಳೆದು ಅವನು ಬಿಡುಗಡೆಯಾಗಿ ಬಂದಾಗ. ನೇರ ನಮ್ಮ ಮನೆಗೇ ಬಂದ. ಅರ್ಧ ಮೈ ಜೈಲಿನಲ್ಲಿ ಬಿಟ್ಟು ಬಂದವನಂತಿದ್ದ, ನಗು ಮಾತ್ರ ಪೂರ್ತಿ ತಂದಿದ್ದ.

"ನಿನ್ನ ಕಾರ್ಡು ಓದ್ಕಂಡು ಜೇಲರ್ ಸಾಹೇಬ ಕುಣೂದೊಂದು ಬಾಕಿ. 'ಯಾರು ಈ ಮಂದಿ? ಎಷ್ಟು ಜನ ಅಡಗಿದ್ರು?' ಕೇಳ್ದ. ನಾ ಹೇಳ್ದೆ, 'ಒಂದು ಹತ್ತು ಹನ್ನೆರಡು ಸಾವ್ರ ಇದ್ದಿರೂಕೆ ಸಾಕು ಸಾಹೇಬ್ರೇ.' 'ಮುಖಂಡ ಯಾರು?' 'ಮುಖಂಡ ಅಲ್ಲ, ರಾಣಿ.' 'ಪೆಟ್ಟಿಗೆಲಿ ಯೆಂತಾ ಇತ್ತು?' 'ಅವ್ರೇ ಇದ್ದದ್ದು.' ತಗಾ, ಎರಡು ತಿಂಗ್ಳು ನಂಗೆ ಕಾಗ್ದ ಬಂದ್, ಭೇಟಿ ಬಂದ್!"

ಅವನು ನಕ್ಕ, ನಾನೂ ನಕ್ಕೆ. ಆಮೇಲೆ ಅವನು ಸ್ವಲ್ಪ ತಗ್ಗಿದ ದನಿಯಲ್ಲಿ ಹೇಳಿದ:

"ಅಲ್ಲಿ ಹೊತ್ತು ಹೋಗೂದಿಲ್ಲ ನೋಡು. ದಿನಾ ಕೂತ್ಕಂಡು ನೆನೂಸ್ತಿದ್ದೆ. ಈಗ ನೇರಳೆ ಹೂ ಬಿಟ್ಟಿರೂಕೆ ಸಾಕು. ಈಗ ಮಳಿ, ಒಳಗೇ ಇದ್ದಿರ್ತವೆ. ಈಗ ನಾಚಿಕೆಮುಳ್ಳು ಹೂವಾಯ್ತು, ಮೆಲ್ಲಗೆ ಹೊರಬಿದ್ದಿರ್ತವೆ. ಕಾರ್ಡು ಬಂದ್ಮೇಲೆ ಅದೊಂದು ನೆನೂಸೂದು ಬಿಟ್ಟೆ." ಪೆಟ್ಟಿಗೆಯ ಕಡೆ ತಿರುಗಿ ಕೇಳಿದ, "ಯೆಂತಾ ಆಯ್ತು ತಮಾ?"

ಒಳಗೆ ಸುಭದ್ರೆ ಮಜ್ಜಿಗೆ ಕಡೆಯುತ್ತಿದ್ದಳು. ಕಡೆಗೋಲಿನ ಸದ್ದು ನಿಂತಿತು.

"ಮಳೆ ವಿಪರೀತ" ಎಂದೆ. "ಇರುವೆಯ ಕಾಟ ಬೇರೆ."

ಕಡೆಗೋಲಿನ ಸದ್ದು ಮತ್ತೆ ಸುರುವಾಗಲು ಬಹಳ ಹೊತ್ತು ಹಿಡಿಯಿತು.

ಬೊಮ್ಮಯ್ಯ ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದು ಪಟ್ಟಿ ಎತ್ತಿದ. ಒಣಗಿದ ಎರಿಯನ್ನು ಬೆಳಕಿಗೆ ಹಿಡಿದ. ನಡುವಿನ ಕೋಣೆಗಳ ಮೇಲೆ ಬೆರಳಾಡಿಸಿದ. ಎರಡನೆಯ ಪಟ್ಟಿ. ಮೂರನೆಯದು. ಮತ್ತೆ ಗೋಣಿ ಹೊದಿಸಿ ಪೆಟ್ಟಿಗೆಯನ್ನು ತಲೆಗೇರಿಸಿಕೊಂಡ.

"ನೀ ಚೊಕ್ಕ ಇಟ್ಟಿದ್ದೆ ಮಾರಾಯ" ಎಂದ.

ಆ ಮಾತನ್ನು ನಾನು ಏಳು ವರ್ಷ ಯೋಗ್ಯತಾಪತ್ರದಂತೆ ಜೋಪಾನ ಮಾಡಿದೆ. ಹುಳ ಹೋದರೂ ಗೆಳೆಯ ನನ್ನ ಪರಿಶ್ರಮ ಗುರುತಿಸಿದನಲ್ಲ ಎಂದು ಸುಭದ್ರೆಗೆ ಹೇಳಿದ್ದೂ ಉಂಟು. ಅವಳು ನನ್ನ ಮುಖವನ್ನೇ ನೋಡಿ, ತೊಳೆದ ಲೋಟವನ್ನು ಮತ್ತೊಮ್ಮೆ ತೊಳೆದಳು.

ಏಳು ವರ್ಷದ ಮೇಲೆ ಸಾಹೇಬರು ಊರೂರು ತಿರುಗುವ ಫಿರತಿಯ ಜೊತೆ ಸುಂಕಸಾಳಕ್ಕೆ ಹೋಗಿದ್ದೆ. ಅಲ್ಲಿ ಒಂದು ಮಾವಿನ ಮರದ ಕೆಳಗೆ ಜೇನು ಸಾಕಣೆ ಕಲಿಸುವ ಮನುಷ್ಯನೊಬ್ಬ ಹತ್ತು ಜನರನ್ನು ಕೂರಿಸಿಕೊಂಡು ಎರಿಯೊಂದನ್ನು ಎತ್ತಿ ಹಿಡಿದಿದ್ದ. ನಡುವೆ ಅದೇ ಹಳದಿ ಪಟ್ಟೆ. "ತುಪ್ಪ ದೊಡ್ಡವಕ್ಕೆ ಸಾಕಾಗ್ತದೆ. ಮರಿ ಬೆಳೀಬೇಕಾದ್ರೆ ಇದೇ ಬೇಕು. ಹೂವಿನ ಪರಾಗ. ಕಾಲಿಗೆ ಉಂಡೆ ಕಟ್ಕೊಂಡು ತರ್ತಾವೆ, ತುಪ್ಪ ಸೇರಿಸಿ ಗಿಡಿದು ಇಡ್ತಾವೆ. ಸ್ವಲ್ಪ ಹುಳಿ ಬರ್ತದೆ, ಆಗಲೇ ಹದ. ಜೇನು ಒಂದೇ ಅಲ್ಲ. ಸೋರೆ ಹೂವಿನೊಳಗೆ ಹೊರಳಾಡ್ತದಲ್ಲ ಜೀರುಂಡೆ, ಕೆಲವು ಜಾತಿ ನೊಣ, ಎಷ್ಟೋ ಸಂಸಾರ ಈ ಪುಡಿ ತಿಂದೇ ಬದುಕೂದು."

ನಾನು ಹಿಂದಿನಿಂದ ಕೇಳಿದೆ, "ಇದನ್ನು ಯಾರಾದರೂ ತೆಗೆದುಬಿಟ್ಟರೆ?"

"ಯಾರು ತೆಗೀತಾರೆ ಮಾರಾಯ್ರೇ! ಕರಡಿ ಬಂದ್ರೂ ತುಪ್ಪ, ಮರಿ, ಮೇಣ ಎಲ್ಲಾ ಕೂಡಿಸಿ ತಿಂದು ಹೋಗ್ತದೆ. ತುಪ್ಪ ಬಿಟ್ಟು ಇದೊಂದನ್ನೇ ಆರಿಸಿ ತೆಗೆಯೂ ಪ್ರಾಣಿ ದೇವರು ಇನ್ನೂ ಹುಟ್ಟಿಸಿಲ್ಲ."

ಹತ್ತೂ ಜನ ನಕ್ಕರು. ಹನ್ನೊಂದನೆಯದಾಗಿ ಹಿಂದೆ ನಿಂತಿದ್ದ, ದೇವರು ಹುಟ್ಟಿಸಿಯೇಬಿಟ್ಟಿದ್ದ ಆ ಪ್ರಾಣಿ ಟೊಪ್ಪಿಗೆ ತೆಗೆದು ತಲೆ ಒರೆಸಿಕೊಂಡಿತು.

ಪರಾಗ. ನಾನು ಬರೆದ ಕಾರ್ಡಿನ ಮಾತಿನ ಹೊಟ್ಟೆಯಲ್ಲೇ ಅದು ಕೂತಿತ್ತು. ಪರಾಗ ಹೋಯಿತು, ಮಂದಿ ಪರಾಗಂದಾ ಆದರು. ಒಂದು ಸಂಸ್ಕೃತ, ಇನ್ನೊಂದು ಪಾರಸಿ, ಎರಡಕ್ಕೂ ಸಂಬಂಧವಿಲ್ಲ ಎಂದು ಆಮೇಲೆ ಪಂಡಿತರೊಬ್ಬರು ತಿದ್ದಿದರು. ಇರಬಹುದು. ಪಂಡಿತರು ಜೇನಿನ ಪೆಟ್ಟಿಗೆ ಸ್ವಚ್ಛ ಮಾಡಿದವರಲ್ಲ.

ಮರಳುವಾಗ ಅಂಕೋಲೆಯಲ್ಲಿ ಮೋಟಾರು ಇಳಿದೆ. ಹೇಳಿಬಿಡಬೇಕೆಂದು ಕೇಣಿಯ ತನಕ ನಡೆದೆ. ದಾರಿಯುದ್ದಕ್ಕೂ ವಾಕ್ಯ ಕಟ್ಟಿದೆ, ಕಚೇರಿಯ ಮಾತು ಒಂದೂ ಬರಬಾರದೆಂದು ಎಚ್ಚರ ವಹಿಸಿದೆ. ಮುಂದಿನ ಮಳೆಗಾಲವನ್ನು ಬೊಮ್ಮಯ್ಯ ಕಾಣಲಿಲ್ಲವಾದ್ದರಿಂದ, ಅದು ನನಗೆ ಸಿಕ್ಕ ಕೊನೆಯ ಅವಕಾಶವಾಗಿತ್ತು. ಆದರೆ ಇದು ಆ ದಿನ ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಅವನು ಜಗಲಿಯಲ್ಲಿ ಹಗ್ಗ ಹೊಸೆಯುತ್ತಿದ್ದ. "ಬಾ ಬಾ" ಎಂದು ಬೆಂಚು ತೋರಿಸಿದ. ಬೆಂಚಿನ ಮೇಲೆ ತೆಂಗಿನ ಹೂವಿನ ಪುಡಿ ಬಿದ್ದಿತ್ತು. ನನ್ನ ಕೈ ತಾನಾಗಿ ಕರವಸ್ತ್ರ ತೆಗೆದು ಒರೆಸಿತು. ಅಂಗಳದ ಮರದ ಕೆಳಗೆ ಅದೇ ಪೆಟ್ಟಿಗೆ, ಬಾಯಿಗೆ ಹೊಸದಾಗಿ ಮೇಣ ಸವರಿತ್ತು. ಏಳು ವರ್ಷದಿಂದ ಪ್ರತಿ ಚಳಿಗಾಲ ಸವರುತ್ತಿದ್ದನಂತೆ. ಯಾರೂ ಬಂದಿರಲಿಲ್ಲ.

ಅವನ ಹೆಂಡತಿ ಎಳನೀರು ತಂದಿಟ್ಟು ನನ್ನನ್ನು ದಿಟ್ಟಿಸಿದಳು. "ಕಾರವಾರದ ದೋಸ್ತ ಅಂದ್ರೆ ಇವ್ರೇ ಅಲ್ವ? ನಮ್ಮ ಹುಳಾ ಕಳ್ದದ್ದು?"

ನಾನು ಬಾಯಿ ತೆರೆದೆ. ಕಟ್ಟಿಕೊಂಡು ಬಂದ ವಾಕ್ಯ ನಾಲಿಗೆಯ ತುದಿಗೆ ಬಂದಿತ್ತು. ಬೊಮ್ಮಯ್ಯ ಹಗ್ಗದಿಂದ ಕಣ್ಣೆತ್ತಲಿಲ್ಲ.

"ಹುಚ್ಚಿ, ಇಂವ ಯೆಂತಕೆ ಕಳೂದು?" ಎಂದ. "ಇಂವ ಬರೇ ವರಸ್ದಂವ."

ಅವಳಿಗೆ ಅರ್ಥವಾಗಲಿಲ್ಲ, ಒಳಗೆ ಹೋದಳು. ಅವನು ಹಗ್ಗ ಹೊಸೆಯುತ್ತಲೇ ಇದ್ದ. ಹಿಂದಿನ ಬೆಂಚಿನಿಂದ ಎದ್ದು ನಿಂತು, ನಾನೇ ಎನ್ನಲು, ಇದಕ್ಕಿಂತ ಒಳ್ಳೆಯ ಗಳಿಗೆ ಒಬ್ಬ ಮನುಷ್ಯನಿಗೆ ಸಿಗಲಾರದು.

ಎದ್ದು ನಿಂತೆ. ಮೋಟಾರಿಗೆ ಹೊತ್ತಾಯಿತು ಎಂದೆ.